ಚಾಟ್ ಓಪನ್ ಆಗವಲ್ದು ಮೇಡಂ

ಫೋನ್ ಎತ್ತಿದ ತಕ್ಷಣ ಆ ಕಡೆಯವರು ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತಿರುತ್ತದೆ. "ಚಾಟ್ ಓಪನ್ ಆಗವಲ್ದು ಮೇಡಂ, ನಾವೇನೂ ಮಾಡಿಲ್ರಿ." ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಇಳಿದು ಬಹಳ ವರ್ಷಗಳಾದವು. ಏನೂ ಮಾಡದವರ ಕಂಪ್ಯೂಟರುಗಳೇ ಹೆಚ್ಚು ಕೆಡುತ್ತವೆ ಅನ್ನುವುದು ನಾನು ಕಂಡುಕೊಂಡ ಸತ್ಯ.

ಬೀದರಿನ ಹಳೇ ಊರಿನ ಒಂದು ಗಲ್ಲಿಯಲ್ಲಿ ನನ್ನ ಅಂಗಡಿ ಇದೆ. ಆದರೆ ಅಂಗಡಿಯಲ್ಲಿ ಕುಳಿತಿರುವುದಕ್ಕಿಂತ ಭಾಲ್ಕಿಯ ಬಸ್ಸಿನಲ್ಲೋ ಔರಾದ ಬಸ್ಸಿನಲ್ಲೋ ಕುಳಿತಿರುವುದೇ ಜಾಸ್ತಿ. ಮೊದಲೆಲ್ಲ ಪ್ರಿಂಟರ್ ಕೆಟ್ಟಿದೆ, ವೈರಸ್ ಬಂದಿದೆ ಅಂತ ಕರೆಯುತ್ತಿದ್ದರು. ಈಗ ಶಾಲೆ, ಆಸ್ಪತ್ರೆ, ಹಾಲಿನ ಸಂಘ ಯಾವುದೇ ಇರಲಿ, ಸುದ್ದಿಯೆಲ್ಲ ಚಾಟ್ ಗುಂಪಿನಲ್ಲೇ ಬರುತ್ತದೆ. ಫೋನಿನಲ್ಲಿ ಅಕ್ಷರ ಸಣ್ಣ. ಅದಕ್ಕೆ ಕಂಪ್ಯೂಟರಿನ ಬ್ರೌಸರಿನಲ್ಲಿ ಅದನ್ನೇ ದೊಡ್ಡದಾಗಿ ತೆರೆದುಕೊಳ್ಳುತ್ತಾರೆ. ಚಾಟ್ ವಾರಕ್ಕೊಮ್ಮೆ ಹೊಸದಾಗುತ್ತದೆ. ಕಂಪ್ಯೂಟರು ತಂದ ದಿನದಿಂದ ಹಾಗೇ ಇರುತ್ತದೆ. ಎರಡಕ್ಕೂ ನಡುವೆ ರಾಜಿ ಮಾಡಿಸುವವಳು ನಾನು.

ಸರಕಾರಿ ಸಾಲಿ

ಚಿಂತಾಕಿ ಕಡೆಯ ಒಂದು ಶಾಲೆಯ ಹೆಡ್‌ಮಾಸ್ತರರು ಫೋನ್ ಮಾಡಿದರು. ತಾಲ್ಲೂಕಿನ ಹೆಡ್‌ಮಾಸ್ತರರ ಚಾಟ್ ಗುಂಪಿನಲ್ಲಿ ಒಂದು ನಮೂನೆ ಬಂದಿದೆ, ಮರುದಿನ ಸಂಜೆಯೊಳಗೆ ತುಂಬಿ ಕಳಿಸದಿದ್ದರೆ ನೋಟಿಸು ಬರುತ್ತದೆ, ಕಂಪ್ಯೂಟರಿನಲ್ಲಿ ನೋಡಿದರೆ ಚಾಟ್ ತೆರೆಯುತ್ತಿಲ್ಲ.

"ಸ್ಕ್ರೀನ್ ಮ್ಯಾಲ ಏನ್ ಬರದದ ಓದ್ರಿ ಸರ್" ಅಂದೆ.

"ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಅಂತ ಬರದದ."

"ಅದಕ್ಕ ನೀವೇನ್ ಮಾಡಿದ್ರಿ?"

"ಮಾಡೋದೇನದರಿ, ಖರೇನೇ ಬರದದ. ನಮ್ಮದು ಸರಕಾರಿ ಸಾಲಿ. ಖಾಸಗಿ ಸಾಲಿಗಿ ಅಷ್ಟೇ ಕೊಡ್ತೇವಿ ಅಂದ್ರ ಹ್ಯಾಂಗ? ಒಂದು ಅರ್ಜಿ ಬರದು ಸಹಿ ಮಾಡಿ ಇಟ್ಟೀನಿ. ಯಾರ ಹೆಸರಿಗಿ ಕಳಿಸಬೇಕು, ಅಷ್ಟು ಹೇಳ್ರಿ."

ಮರುದಿನ ಮುಂಜಾನೆಯ ಬಸ್ಸಿಗೆ ಹೋದೆ. ಅರ್ಜಿ ಮೇಜಿನ ಮೇಲೇ ಇತ್ತು, ಶಾಲೆಯ ಠಸ್ಸೆ ಸಮೇತ. ಗ್ರಾಮೀಣ ಮಕ್ಕಳಿಗೆ ಆಗಿರುವ ಅನ್ಯಾಯದ ಬಗ್ಗೆ ಎರಡು ಪುಟ. ಭಾಷೆ ಚೆನ್ನಾಗಿತ್ತು.

ಕಂಪ್ಯೂಟರಿನ ಮೂಲೆಯಲ್ಲಿ ತಾರೀಖು ನೋಡಿದೆ. ಹದಿನೈದು ವರ್ಷ ಹಿಂದಿನದು. ಒಳಗೆ ಗಡಿಯಾರ ನಡೆಸುವ ಒಂದು ಗುಂಡಿಯಂಥ ಬ್ಯಾಟರಿ ಇರುತ್ತದೆ. ಅದು ಸತ್ತರೆ ಯಂತ್ರ ತಾನು ಹುಟ್ಟಿದ ವರ್ಷಕ್ಕೆ ವಾಪಸು ಹೋಗಿಬಿಡುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರು ಯಾವ ಪುಟವನ್ನೂ ನಂಬುವುದಿಲ್ಲ, ಇಂಥ ಎಚ್ಚರಿಕೆ ಕೊಟ್ಟು ಕುಳಿತುಬಿಡುತ್ತದೆ. ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿದೆ. ಚಾಟ್ ತೆರೆಯಿತು. ನಮೂನೆಯೂ ಹೋಯಿತು.

ಯಂತ್ರ ಹದಿನೈದು ವರ್ಷ ಹಿಂದೆ ಹೋಗಿತ್ತು ಸರ್, ಅದಕ್ಕೇ ಬಿಡಲಿಲ್ಲ ಅಂತ ವಿವರಿಸಿದೆ. ಮಾಸ್ತರರು ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು.

"ಹಂಗಾದ್ರ ಅದರದ ತಪ್ಪಿಲ್ಲ ಬಿಡ್ರಿ. ಹದಿನೈದು ವರ್ಷದ ಹಿಂದ ನಾ ಬರೀ ಸಹಶಿಕ್ಷಕ ಇದ್ದೆ. ಹೆಡ್‌ಮಾಸ್ತರರ ಗುಂಪಿನ್ಯಾಗ ನನಗ್ಯಾಕ ಬಿಡ್ತದ?"

ಗಾಲಿ

ಹಲಬರ್ಗಾದ ಆಚೆ ಒಂದು ಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿಗಳು ಬಹಳ ಜೋಪಾನದ ಮನುಷ್ಯ. ಸಂಘದ ಕಂಪ್ಯೂಟರನ್ನು ತಮ್ಮ ಮನೆಯ ಪಡಸಾಲೆಯಲ್ಲೇ ಇಟ್ಟುಕೊಂಡು, ಮೇಲೆ ಹಾಸಿಗೆ ವಸ್ತ್ರ ಹೊದಿಸಿರುತ್ತಾರೆ. ಒಂದು ಗುರುವಾರ ಅವರ ಫೋನ್ ಬಂತು.

"ಚಾಟ್ ಓಪನ್ ಆಗವಲ್ದ್ರಿ. ಗುಂಡಂದು ಒಂದು ಗಾಲಿ ತಿರಗ್ಲತ್ತದ."

"ತಿರಗ್ಲಿ ಬಿಡ್ರಿ, ಹಳೀ ಮಷೀನ್ ಅದ. ಜರಾ ಹೊತ್ತು ನೋಡ್ರಿ."

"ನೋಡ್ಲತ್ತೀನ್ರಿ."

"ಎಷ್ಟೊತ್ತಿಂದ ತಿರಗ್ಲತ್ತದ?"

"ಸೋಮವಾರದಿಂದ."

ಹೋಗಿ ನೋಡಿದೆ. ನಿಜವಾಗಿಯೂ ತಿರುಗುತ್ತಿತ್ತು. ಬೇಸಿಗೆ ದಿನ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ತಿರುಗಬೇಕಾಗುತ್ತದೆಂದು ಇವರು ಮನೆಯ ಇನ್ವರ್ಟರನ್ನು ಪೂರ್ತಿ ಕಂಪ್ಯೂಟರಿಗೇ ಬಿಟ್ಟುಕೊಟ್ಟಿದ್ದರು. ಉಳಿದ ಎಲ್ಲ ಪ್ಲಗ್ಗುಗಳನ್ನು ಕಿತ್ತುಹಾಕಿದ್ದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ನೋಡವ್ವಾ, ಅದರ ಗಾಲಿ ತಿರಗ್ಲಿ ಅಂತ ನಮ್ಮ ಫ್ಯಾನ್ ನಿಂದರ್ಸ್ಯಾರ" ಅಂದರು.

ಕಿತ್ತುಹಾಕಿದ ಪ್ಲಗ್ಗುಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಫ್ಯಾನಿನದು, ಟೀವಿಯದು, ಮಿಕ್ಸರಿನದು. ನಾಲ್ಕನೆಯದು ಇಂಟರ್‌ನೆಟ್ ಡಬ್ಬಿಯದು. ಸೋಮವಾರದಿಂದ ಆ ಮನೆಗೆ ನೆಟ್ಟೇ ಇರಲಿಲ್ಲ. ಅದನ್ನು ಚುಚ್ಚಿ, ಬ್ರೌಸರು ಮುಚ್ಚಿ ಮತ್ತೆ ತೆರೆದೆ. ಒಂದೇ ನಿಮಿಷದಲ್ಲಿ ಚಾಟ್ ಬಂತು. ಫ್ಯಾನೂ ತಿರುಗಿತು. ಹೆಂಡತಿ ನನಗೆ ಮಜ್ಜಿಗೆ ತಂದುಕೊಟ್ಟರು.

ಕಾರ್ಯದರ್ಶಿಗಳು ಮಾತ್ರ ಖುಷಿಯಾದಂತೆ ಕಾಣಲಿಲ್ಲ. ನನ್ನನ್ನು ಬಸ್ ನಿಲ್ದಾಣದ ತನಕ ಕಳಿಸಿಕೊಡಲು ಬಂದವರು, ಬಸ್ಸು ಹತ್ತುವಾಗ ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟರು.

"ಮೂರು ದಿನ ತಿರಗಿದ್ದು ನಡುವ ಬಿಡಿಸಿಬಿಟ್ರಿ. ಇನ್ನೊಂದು ತಾಸು ತಡದಿದ್ರ ತಾನೇ ಮುಗಸ್ತಿತ್ತು."

ಬೆಂಬಲ

ಇದು ಸಣ್ಣದು. ಬೀದರಿನ ಒಂದು ಕಚೇರಿಯಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದಾರೆ. ಮುಂಜಾನೆ ಬಂದವರು ಮೊದಲು ಪೇಪರಿನ ರಾಜಕೀಯ ಪುಟ ಮುಗಿಸಿಯೇ ಕಡತ ಮುಟ್ಟುತ್ತಾರೆ. ಅವರ ಕಂಪ್ಯೂಟರಿನಲ್ಲಿ ಚಾಟ್ ತೆರೆದರೆ "ಈ ಬ್ರೌಸರ್‌ಗೆ ಇನ್ನು ಮುಂದೆ ಬೆಂಬಲವಿಲ್ಲ" ಅಂತ ಬರುತ್ತಿತ್ತು. ನಾನು ಹೋಗಿ ಕುಳಿತೆ.

"ಬೆಂಬಲ ಯಾರು ವಾಪಸ್ ತಗೊಂಡ್ರಂತ್ರಿ?" ಅಂತ ಕೇಳಿದರು.

"ಚಾಟಿನವರೇ ಸರ್. ಬ್ರೌಸರು ಬಹಳ ಹಳೀದಾತು. ಹೊಸಾದು ಹಾಕಬೇಕಂದ್ರ ಈ ಕಂಪ್ಯೂಟರ್ ತಡ್ಕೊಳಲ್ಲ."

ಗುಮಾಸ್ತರು ಪೇಪರು ಮಡಚಿ, ಕನ್ನಡಕ ತೆಗೆದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಹೊರಗಿಂದ ಬೆಂಬಲ ಕೊಡಸ್ಲಿಕ್ಕ ಬರ್ತದೇನು ನೋಡ್ರಿ."

ಎಂಟರ್

ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ದೊಡ್ಡ ಸಿಸ್ಟರ್ ಇದ್ದಾರೆ. ನಮ್ಮವ್ವನೂ ನರ್ಸ್ ಆಗಿದ್ದವಳು. ಇಬ್ಬರೂ ಒಟ್ಟಿಗೆ ಟ್ರೇನಿಂಗ್ ಮಾಡಿದವರು, ಒಂದೇ ಚರ್ಚಿಗೆ ಹೋಗುತ್ತಿದ್ದವರು. ಹಾಗಾಗಿ ನಾನು ಅವರಿಗೆ ಮೇಡಂ ಅಲ್ಲ, "ನೀನು". ಸಿಬ್ಬಂದಿಗೆ ಸೂಚನೆ ಕಳಿಸುವುದೆಲ್ಲ ಅವರದೇ ಕೆಲಸ. ಬಲಗೈಯ ಒಂದೇ ಬೆರಳಿನಿಂದ ಚಾಟಿನಲ್ಲಿ ಟೈಪ್ ಮಾಡುತ್ತಾರೆ. ಕಾಗದ ಬರೆಯುವ ಅಭ್ಯಾಸ, ಆದ್ದರಿಂದ ಒಂದು ಸಾಲು ತುಂಬಿತು ಅನಿಸಿದರೆ ಎಂಟರ್ ಒತ್ತಿ ಕೆಳಗಿನ ಸಾಲಿಗೆ ಹೋಗುತ್ತಾರೆ. ಚಾಟಿನಲ್ಲಿ ಎಂಟರ್ ಒತ್ತಿದರೆ ಬರೆದಷ್ಟು ಹೊರಟುಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಅವರು ಬರೆದ ಮೊದಲ ಸಾಲು: "ನಾಳೆ ಶನಿವಾರ ಎಲ್ಲ ಸಿಬ್ಬಂದಿಗೆ ರಜೆ". ಎಂಟರ್. ಎರಡನೆಯ ಸಾಲು: "ಇರುವುದಿಲ್ಲ, ಶಿಬಿರ ಇದೆ, ಎಂಟಕ್ಕೆ ಬರಬೇಕು". ಮೊದಲ ಸಾಲು ಹೋಯಿತು. ಎರಡನೆಯದು ಹೋಗುವಷ್ಟರಲ್ಲಿ ಕಂಪ್ಯೂಟರು ಹ್ಯಾಂಗ್ ಆಯಿತು. ಪರದೆಯ ಮೇಲೆ ಅಕ್ಷರ ಕಾಣುತ್ತಿದ್ದುದರಿಂದ ಸಿಸ್ಟರ್ ಕೆಲಸ ಮುಗಿಯಿತೆಂದು ವಾರ್ಡಿಗೆ ಹೋದರು.

ಗುಂಪಿನಲ್ಲಿ ಕೈಮುಗಿದ ಚಿತ್ರಗಳೂ ಹೂವುಗಳೂ ಬಂದವು. ಒಬ್ಬ ನರ್ಸ್ ಸಂಜೆಯ ಬಸ್ಸಿಗೇ ಉದಗೀರಿನ ತವರುಮನೆಗೆ ಹೋದಳು. ಲ್ಯಾಬಿನವರು ಶನಿವಾರ ಮುಂಜಾನೆ ತಲೆಗೆ ಮೆಹಂದಿ ಹಚ್ಚಿಕೊಂಡು ಕುಳಿತರು. ಶಿಬಿರಕ್ಕೆ ಸುತ್ತಲಿನ ಹಳ್ಳಿಗಳಿಂದ ಟಂಟಂ ಗಾಡಿ ತುಂಬಿ ಜನ ಬಂದಾಗ ಆಸ್ಪತ್ರೆಯಲ್ಲಿದ್ದವರು ಡಾಕ್ಟರು, ದೊಡ್ಡ ಸಿಸ್ಟರ್ ಮತ್ತು ವಾಚಮನ್. ತೂಕ ನೋಡುವುದು, ಹೆಸರು ಬರೆಯುವುದು, ಸಾಲು ನಿಲ್ಲಿಸುವುದು ಮೂರನ್ನೂ ವಾಚಮನ್ ಮಾಡಿದ. ಮೆಹಂದಿ ತಲೆಯ ಮೇಲೆ ಟವೆಲ್ ಸುತ್ತಿಕೊಂಡೇ ಲ್ಯಾಬಿನವರು ಬಂದು ರಕ್ತ ತೆಗೆದರು. ಸಂಜೆ ಡಾಕ್ಟರು ಸಿಸ್ಟರಿಗೆ ಬೈದರು.

ಸೋಮವಾರ ನನ್ನನ್ನು ಕರೆಸಿದರು. "ನಿನ್ನ ಕಂಪ್ಯೂಟರ್ ನನ್ನ ಮಾತು ಅರ್ಧಕ್ಕ ಕಡದದ. ಮೂವತ್ತು ವರ್ಷದ ಸರ್ವಿಸಿನ್ಯಾಗ ಡಾಕ್ಟರ್ ಕಡಿಂದ ಮಾತು ಕೇಳಿದವಳಲ್ಲ ನಾ."

ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಎಂಟರ್ ಒತ್ತಿದರೆ ಸಾಲು ಮಾತ್ರ ಬದಲಾಗುತ್ತದೆ, ಮಾತು ಹೊರಗೆ ಹೋಗುವುದಿಲ್ಲ ಅಂತ ತೋರಿಸಿದೆ. ಎರಡು ಸಲ ಮಾಡಿ ನೋಡಿದರು.

"ಎರಡು ಕೀಲಿ ಒಮ್ಮಿಗೇ ಒತ್ತೋದು ನನ್ನ ಕೈಲಿ ಆಗಲ್ಲ ಅವ್ವಾ. ಇನ್ನ ಮ್ಯಾಲ ‘ಇಲ್ಲ’ ಅನ್ನೋದನ್ನ ಮೊದಲೇ ಬರೀತೇನಿ. ಆಮ್ಯಾಲ ಅದು ಎಲ್ಲಿ ಬೇಕಾದಲ್ಲಿ ಕಡೀಲಿ."

ಮುಂದಿನ ವಾರ ಹೊಸ ಸೂಚನೆ ಬರೆದರು. ಮೊದಲ ಸಾಲು "ಇಲ್ಲ". ಎಂಟರ್ ಒತ್ತಿದರು. ಕಂಪ್ಯೂಟರು ಮತ್ತೆ ಹ್ಯಾಂಗ್ ಆಯಿತು. ನಾನು ಸರಿಮಾಡಲು ಹೋಗುವಷ್ಟರಲ್ಲಿ ಗುಂಪಿನಲ್ಲಿದ್ದ ಅಷ್ಟೂ ಜನ ಒಬ್ಬರಾದ ಮೇಲೊಬ್ಬರು ಉತ್ತರ ಕೊಟ್ಟಿದ್ದರು: "ಆಯ್ತು ಸಿಸ್ಟರ್."

ಬೆಳ್ಳಿಯ ಚೌಕ

ನನ್ನ ಅಂಗಡಿಗೆ ನಾಲ್ಕು ಗಲ್ಲಿ ಆಚೆ ಬಿದರಿ ಕೆಲಸದ ಒಬ್ಬ ಉಸ್ತಾದರಿದ್ದಾರೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವುದರಲ್ಲಿ ಅವರದು ಪಳಗಿದ ಕೈ. ಕಣ್ಣು ಮಾತ್ರ ಈಗ ಸೋತಿದೆ. ಹೂಜಿಯ ಮೇಲೆ ಕೂದಲೆಳೆಯಷ್ಟು ಗೆರೆಯನ್ನು ಬೆರಳಿನಿಂದಲೇ ಕಾಣುತ್ತಾರೆ, ಆದರೆ ಫೋನಿನಲ್ಲಿ ಗಿರಾಕಿಗಳು ಕಳಿಸುವ ನಕ್ಷೆ ಅವರಿಗೆ ಕಾಣುವುದಿಲ್ಲ. ಅದಕ್ಕೇ ಒಂದು ಇಂಟರ್‌ನೆಟ್ ಸೆಂಟರು ಮುಚ್ಚಿದಾಗ ಅಲ್ಲಿಂದ ಒಂದು ಹಳೇ ಕಂಪ್ಯೂಟರು ತಂದಿಟ್ಟುಕೊಂಡು ಅದರಲ್ಲಿ ಚಾಟ್ ನೋಡುತ್ತಿದ್ದರು.

ಕಂಪ್ಯೂಟರಿನಲ್ಲಿ ಚಾಟ್ ಬರಬೇಕಾದರೆ ಪರದೆಯ ಮೇಲೆ ಒಂದು ಚುಕ್ಕಿಚುಕ್ಕಿಯ ಚೌಕ ಬರುತ್ತದೆ, ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಬೇಕು. ಒಮ್ಮೆ ಮಾಡಿದರೆ ಸಾಕು. ಇವರದು ದಿನಾ ಮಾಡಬೇಕಾಗಿತ್ತು. ಅದರ ಮೇಲೆ ಪರದೆಯಲ್ಲಿ ಅಡ್ಡಗೆರೆಗಳು ಓಡಾಡುತ್ತಿದ್ದವು, ಫೋನಿಗೆ ಚೌಕ ಸಿಗುತ್ತಿರಲಿಲ್ಲ. ಒಮ್ಮೊಮ್ಮೆ ಅರ್ಧ ತಾಸು ಫೋನ್ ಹಿಡಿದು ನಿಲ್ಲುತ್ತಿದ್ದರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೈದರಾಬಾದಿನ ಗಿರಾಕಿಯೊಬ್ಬರು ಮದುವೆಗೆ ಬೇಕಾದ ಹೂಜಿಗಳ ನಕ್ಷೆ ಕಳಿಸಿ, ಜವಾಬು ಬರದೆ, ಸಿಟ್ಟಾಗಿ ಫೋನ್ ಮಾಡಿದ ಮೇಲೆ ಉಸ್ತಾದರು ನನ್ನನ್ನು ಕರೆದರು.

ಹೋದೆ. ಕಂಪ್ಯೂಟರಿನ ಪಕ್ಕದ ಗೋಡೆಗೆ ಕಪ್ಪು ಲೋಹದ ಒಂದು ಚೌಕ ತಟ್ಟೆ ನೇತುಹಾಕಿದ್ದರು. ಅದರ ತುಂಬ ಬೆಳ್ಳಿಯ ಚುಕ್ಕಿಗಳು. ಮೂರು ಮೂಲೆಯಲ್ಲಿ ಮೂರು ಸಣ್ಣ ಚೌಕ. ಹತ್ತಿರ ಹೋಗಿ ನೋಡಿದಾಗ ನನಗೆ ಗುರುತು ಹತ್ತಿತು.

"ಚಾಚಾ, ಇದು ಚಾಟಿನ ಕೋಡ್ ಅಲ್ಲೇನು?"

"ಹೌದು ಬೇಟಿ. ಆ ಪರದಾದ ಮ್ಯಾಲ ಬರೋಬ್ಬರಿ ಕಾಣಂಗಿಲ್ಲ. ಒಂದಿನ ಚಲೋ ಕಂಡಿತ್ತು, ಫೋಟೋ ಹೊಡದು ಜೆರಾಕ್ಸ್ ಅಂಗಡ್ಯಾಗ ದೊಡ್ಡದು ತಗಿಸ್ದೆ. ಕಾಗದ ಹರೀತದ. ಅದಕ್ಕ ಪಕ್ಕಾ ಮಾಡಿಟ್ಟೀನಿ. ಹನ್ನೊಂದು ದಿನ ಹಿಡೀತು. ಒಂದು ಚುಕ್ಕಿ ಹೆಚ್ಚುಕಮ್ಮಿ ಇಲ್ಲ. ಆದ್ರೂ ಓಪನ್ ಆಗವಲ್ದು."

ನಾನು ಅವರ ಫೋನ್ ತೆಗೆದುಕೊಂಡು ತಟ್ಟೆಗೆ ಹಿಡಿದೆ. ಫೋನ್ ಒಂದು ಕ್ಷಣವೂ ತಡೆಯಲಿಲ್ಲ, ಟುಣ್ ಅಂತ ಓದಿಬಿಟ್ಟಿತು. ಅಷ್ಟು ಅಚ್ಚುಕಟ್ಟು ಕೆಲಸ. ಆಮೇಲೆ ಒಂದು ಸಾಲು ಬಂತು. ಓದಿ ಹೇಳದೆ ಬೇರೆ ದಾರಿ ಇರಲಿಲ್ಲ.

"ಈ ಕೋಡಿನ ಅವಧಿ ಮುಗಿದಿದೆ ಅಂತ ಬರ್ಲತ್ತದ ಚಾಚಾ."

ಉಸ್ತಾದರು ತಟ್ಟೆಯನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡರು. "ನಮ್ಮ ಅಬ್ಬಾ ಮಾಡಿದ ಹೂಜಿ ಇನ್ನೂ ಮಂದಿ ಮನ್ಯಾಗ ಅವ. ನಾ ಮಾಡಿದ್ದು ಹನ್ನೊಂದು ದಿನದಾಗ ಮುಗೀತೇನು?"

"ಹನ್ನೊಂದು ದಿನ ಅಲ್ಲ ಚಾಚಾ. ಆ ಚೌಕ ನಿಮಿಷಕ್ಕೊಮ್ಮಿ ಬದಲಾಗ್ತದ. ನೀವು ಫೋಟೋ ಹೊಡದು ಜೆರಾಕ್ಸ್ ಅಂಗಡಿ ಮುಟ್ಟೂದ್ರಾಗೇ ಮುಗದಿತ್ತು."

ಅವರು ಹೆಗಲ ವಸ್ತ್ರದಿಂದ ತಟ್ಟೆ ಒರೆಸತೊಡಗಿದರು. ನನಗೂ ಕೆಡುಕೆನಿಸಿತು. ಕಂಪ್ಯೂಟರಿನ ಮುಂದೆ ಕುಳಿತೆ. ಇಂಟರ್‌ನೆಟ್ ಸೆಂಟರಿನಲ್ಲಿ ಹತ್ತು ಜನ ಬಂದುಹೋಗುತ್ತಾರಲ್ಲ, ಅದಕ್ಕೆ ಬ್ರೌಸರು ಮುಚ್ಚಿದ ಕೂಡಲೇ ಎಲ್ಲವನ್ನೂ ಮರೆತುಬಿಡಬೇಕೆಂದು ಅಲ್ಲಿನವರು ಹೊಂದಿಸಿಟ್ಟಿದ್ದರು. ಅದನ್ನು ತೆಗೆದೆ. ಪರದೆಯ ಸಡಿಲ ವೈರು ಬಿಗಿಮಾಡಿದೆ, ಗೆರೆಗಳು ಹೋದವು. ಒಂದು ಸಲ ಸ್ಕ್ಯಾನ್ ಮಾಡಿದೆ. ಮುಚ್ಚಿ ತೆರೆದರೂ ಚಾಟ್ ಹಾಗೇ ಇತ್ತು. ಹೂಜಿಗಳ ನಕ್ಷೆ ದೊಡ್ಡದಾಗಿ ಕಂಡಿತು. ಉಸ್ತಾದರು ಗಿರಾಕಿಗೆ ಒಪ್ಪಿಗೆ ಹೇಳಿದರು, ನನಗೆ ಚಹಾ ತರಿಸಿದರು. ತಟ್ಟೆಯನ್ನು ಮಾತ್ರ ಮತ್ತೆ ಅದೇ ಮೊಳೆಗೆ ನೇತುಹಾಕಿದರು.

ಎರಡು ತಿಂಗಳಾದ ಮೇಲೆ ಅವರ ಫೋನ್ ಬಂತು. ಮತ್ತೆ ಏನು ಕೆಟ್ಟಿತೋ ಅಂದುಕೊಂಡು ಎತ್ತಿದೆ.

"ಬೇಟಿ, ಹೈದರಾಬಾದಿನವರು ಹೂಜಿ ಒಯ್ಲಿಕ್ಕ ಬಂದಿದ್ರು. ಗ್ವಾಡಿ ಮ್ಯಾಲಿನ ತಟ್ಟಿ ನೋಡಿ ಇದೇನು ನಕ್ಷಾ ಅಂದ್ರು. ಕಂಪ್ಯೂಟರಿನ ಕೀಲಿ ಅದ, ಈಗ ನಡ್ಯಂಗಿಲ್ಲ ಅಂದೆ. ಹೂಜಿಗಿಂತ ಅದೇ ಮನಸಿಗಿ ಬಂತು ಅಂತ ಒಯ್ದರು. ಇನ್ನೂ ಆರು ಬೇಕಂತ."

"ಚಲೋ ಆತಲ್ಲ ಚಾಚಾ. ನನ್ನಿಂದ ಏನಾಗಬೇಕು?"

"ಆರೂ ಒಂದೇ ಥರ ಆದ್ರ ಚಂದ ಕಾಣಂಗಿಲ್ಲ. ಬ್ಯಾರೆ ಬ್ಯಾರೆ ಆರು ಕೋಡ್ ತಗದು ಕೊಡು. ಅವಸರ ಇಲ್ಲ, ಅವಧಿ ಮುಗದವೇ ನಡೀತಾವ."