ಒಂದು ದಿನದ ಗಿರಾಕಿ

“ಇವತ್ತು ನಾನು ವ್ಯಾಪಾರಿ ಅಲ್ಲ, ಗಿರಾಕಿ!”

ಹೋದ ಭಾನುವಾರ ಬೆಳಿಗ್ಗೆ ಹರಿಹರದ ನಮ್ಮ ಮನೆ ಪಡಸಾಲ್ಯಾಗೆ ನಿಂತು, ಎದೆ ಉಬ್ಬಿಸಿ ಹಿಂಗಂತ ಘೋಷಣೆ ಮಾಡಿದೆ. ನಾನು ಅಂದ್ರೆ ನಯೀಮ್. ಹಳೇ ಪೇಟ್ಯಾಗೆ ನಮ್ಮಪ್ಪ ಲಾಲ್ ಸಾಬ್ ಇಟ್ಟ ಜವಳಿ ಅಂಗಡಿಯ ಸದ್ಯದ ಸುಲ್ತಾನ! ಮೂವತ್ತು ವರ್ಷದಾಗೆ ಆ ಅಂಗಡಿ ಮೆಟ್ಲನ್ನ ಬರಿಗೈಲಿ ಇಳಿದ ಗಿರಾಕಿ ಒಬ್ರೂ ಇಲ್ಲ. ದಾರಿ ಕೇಳಾಕೆ ಬಂದೋರೂ ಒಂದು ಟವೆಲ್ ಆದ್ರೂ ತಗಂಡೇ ಹೋಗ್ಯಾರೆ.

ಘೋಷಣೆಗೆ ಕಾರಣ ನನ್ನ ಹೆಂಡ್ತಿ ಶಹರ್ಬಾನು. ಅವಳ ತಂಗಿ ಮಗಳು ಗುಲ್ನಾಜ್ ಮದುವೆ ಹತ್ರ ಬಂದಿತ್ತು. ಅಂಗಡಿಯಿಂದ ಒಂದು ನೇರಳೆ ಸೀರೆ ತಂದು ಕೊಟ್ಟೆ. ಅವಳು ಅದನ್ನ ಎರಡು ಬೆರಳಿನಾಗೆ ಎತ್ತಿ ಹಿಡಿದ್ಲು.

“ಇದು ಯಾವ ವರ್ಷದ್ದು?”

“ಹೊಚ್ಚ ಹೊಸದು!”

“ರೀ, ಇದು ಮೂರು ವರ್ಷದಿಂದ ನಿಮ್ಮ ಶೋಕೇಸಿನ ಗೊಂಬೆ ಮೈಮೇಲಿತ್ತು. ಬಿಸಿಲಿಗೆ ಒಂದು ಮಗ್ಗಲು ಬಣ್ಣಾನೇ ಹೋಗೈತೆ. ಇಪ್ಪತ್ತೆರಡು ವರ್ಷದಾಗೆ ನನಗಂತ ಒಂದು ಸೀರೆ ಕೊಡಿಸೀರಾ? ಊರೋರೆಲ್ಲ ಬ್ಯಾಡ ಅಂದಿದ್ದನ್ನೇ ಉಟ್ಕಂಡು ಉಟ್ಕಂಡು ಸಾಕಾಗೈತೆ ನನಗೆ. ಈ ಮದುವೆಗಾದ್ರೂ ನಾನೇ ಆರಿಸಿದ್ದು ಉಡಬೇಕು.”

ಮಾತು ಚುಚ್ಚಿತು. ಅವಳಂದಿದ್ದು ನಿಜಾನೇ ಆಗಿತ್ತು, ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು.

“ನಡಿ, ದಾವಣಗೆರೆ ಮಾಲ್‌ಗೆ! ನಾನು ಬಟ್ಟೆ ಬಗ್ಗೆ ಬಾಯಿ ಬಿಡಲ್ಲ, ಕೈ ಇಡಲ್ಲ. ನಿನ್ನ ಹಿಂದೆ ಚೀಲ ಹಿಡ್ಕಂಡು ಬರ್ತೀನಿ, ಅಷ್ಟೇ!”

“ನೋಡಾಣ,” ಅಂದ್ಲು.

ಆ ಮಾಲ್‌ಗೆ ನಾನು ಹೋಗಿದ್ದು ಹನ್ನೆರಡು ವರ್ಷದ ಹಿಂದೆ, ಅದು ಬಾಗ್ಲು ತೆಗೆದ ಹೊಸದರಾಗೆ. ಆಗ ಅದರ ದರ್ಬಾರೇನು ಕೇಳ್ತೀರಿ! ಮಲೆಬೆನ್ನೂರು ಕಡೆಯಿಂದ ಜನ ಟ್ರ್ಯಾಕ್ಟರ್ ಮಾಡ್ಕಂಡು ಬಂದು, ಚಪ್ಪಲಿ ಕೈಯಾಗೆ ಹಿಡ್ಕಂಡು ಎಸ್ಕಲೇಟರ್ ಹತ್ತಿ ಇಳಿದು ಹೋಗೋರು. ಕಪಾಟಿಗೆ ಒಬ್ಬಳಂಗೆ ಹುಡುಗೀರು, “ಮೇ ಐ ಹೆಲ್ಪ್ ಯೂ ಸರ್” ಅಂತ ಬೆನ್ನು ಬಿಡ್ತಿರಲಿಲ್ಲ. ನಮ್ಮ ಅಂಗಡಿ ಕಥೆ ಮುಗೀತು ಅಂತ ಹೆದರಿ ಆವತ್ತು ನನಗೆ ಊಟಾನೇ ಸೇರಿರಲಿಲ್ಲ.

ಈಗ ನೋಡಿದ್ರೆ ಎಸ್ಕಲೇಟರ್ ಕೆಟ್ಟು ನಿಂತು ಬರೀ ಮೆಟ್ಲಾಗೈತೆ! ಅರ್ಧ ಅಂಗಡಿಗಳು ಶಟರ್ ಇಳಿಸ್ಯಾವೆ, ಮುಂದಿನ ಜಾಗದಾಗೆ ಮಕ್ಕಳ ಆಟದ ಕಾರು ಓಡ್ತಾವೆ. ಬಟ್ಟೆ ಅಂಗಡ್ಯಾಗಂತೂ ತೋರ್ಸೋರೇ ಇಲ್ಲ. ನೀನೇ ಹುಡುಕು, ನೀನೇ ಮಡಚು, ನೀನೇ ಹೊತ್ಕಂಡು ಕೌಂಟರಿಗೆ ನಡಿ! ಸೀರೆಗಳು ಸಂತ್ಯಾಗಿನ ಸೊಪ್ಪಿನಂಗೆ ಗುಡ್ಡೆ ಬಿದ್ದಿದ್ವು. ಅವನ್ನ ಮಡಚಿ ಇಡಾಕೆ ನನ್ನ ಕೈ ಕಡಿಯಾಕೆ ಹತ್ತಿದ್ವು. ಎರಡೂ ಕೈ ಜೇಬಿಗೆ ತುರುಕಿದೆ. ಗಿರಾಕಿ ನಾನು!

ಮುಕ್ಕಾಲು ಗಂಟೆ ಗುಡ್ಡೆ ಅಗೆದು ಶಹರ್ಬಾನು ಒಂದು ಸೀರೆ ಎಳೆದ್ಲು. ಗಿಳಿಹಸಿರು, ತಾಮ್ರದ ಬಣ್ಣದ ಅಂಚು. ಅದನ್ನ ಕೆನ್ನೆಗೆ ಒತ್ಕಂಡು ನಕ್ಲು ನೋಡ್ರಿ, ಮದುವೆಯಾದ ಹೊಸದರಾಗೆ ನನ್ನ ನೋಡಿ ಸೈತ ಹಂಗೆ ನಕ್ಕಿರಲಿಲ್ಲ!

“ಇದೊಂದೇ ಪೀಸ್ ಐತೆ. ಹಿಡ್ಕಳ್ರಿ, ಮ್ಯಾಚಿಂಗ್ ಬ್ಲೌಸ್ ತರ್ತೀನಿ. ಇಲ್ಲಿಂದ ಅಲ್ಲಾಡಬ್ಯಾಡ್ರಿ!”

ಅಲ್ಲಾಡಲಿಲ್ಲ. ಸೀರೆನ ಮುಂಗೈ ಮೇಲೆ ಹಾಕ್ಕಂಡು ನಿಂತೆ. ಯಡವಟ್ಟಾಗಿದ್ದು ಅಲ್ಲೇ! ಮುಂಗೈ ಮೇಲೆ ಸೀರೆ ಹಾಕ್ಕಂಡು ನಿಂತ ಗಂಡಸನ್ನ ನೋಡಿ ಯಾರಾದ್ರೂ ಗಿರಾಕಿ ಅಂತಾರಾ?

ಆವರಗೆರೆ ಕಡೆಯ ಒಬ್ಬ ಅಜ್ಜಿ, ಮೊಮ್ಮಗಳ ಕೈ ಹಿಡ್ಕಂಡು ಸೀದಾ ನನ್ನ ಹತ್ರಾನೇ ಬಂದ್ಲು.

“ಅಂತೂ ಒಬ್ಬ ತೋರ್ಸೋನು ಸಿಕ್ಕನಲ್ಲೇ ಭುವನೇಶ್ವರಿ! ತಮ್ಮಾ, ಅದನ್ನ ಒಂಚೂರು ಬಿಚ್ಚು.”

“ನಾನು ಇಲ್ಲಿಯೋನಲ್ಲ” ಅನ್ನಬೇಕಿತ್ತು. ಆದ್ರೆ ಬಾಯಿ “ಬರ್ರಿ ಅವ್ವಾ, ಕೂಡ್ರಿ” ಅಂತು. ಕೂರಾಕೆ ಅಲ್ಲಿ ಜಾಗಾನೇ ಇರಲಿಲ್ಲ! ಅಷ್ಟೊತ್ತಿಗೆ ಕೈ ಸೀರೆ ಬಿಚ್ಚಿ ಆಗಿತ್ತು.

ಅಜ್ಜಿ ಸೆರಗು ಸವರಿ ನೋಡಿ, “ಚೆನ್ನಾಗೈತಪ್ಪಾ. ನೋಡ್ಕಂಡ್ ಬರ್ತೀವಿ,” ಅಂದ್ಲು.

ಈ ಮಾತು ಕೇಳಿದ್ರೆ ನನಗೆ ಮೈಮೇಲೆ ದೆವ್ವ ಬಂದಂಗಾಗ್ತೈತೆ. ‘ನೋಡ್ಕಂಡ್ ಬರ್ತೀವಿ’ ಅಂತ ಹೋದ ಗಿರಾಕಿ ವಾಪಸ್ ಬಂದಿದ್ದು ಯಾವ ಅಂಗಡಿ ಚರಿತ್ರೆಯಾಗೂ ಇಲ್ಲ! ಸೆರಗನ್ನ ನನ್ನ ಹೆಗಲಿಗೇ ಹಾಕ್ಕಂಡು ಮದುಮಗಳಂಗೆ ನಾಕು ಹೆಜ್ಜೆ ನಡೆದು ತೋರ್ಸಿದೆ.

“ಈ ಬಣ್ಣ ನಿಮ್ಮ ಮೊಮ್ಮಗಳಿಗಂತಲೇ ಹುಟ್ಟೈತೆ ಅವ್ವಾ!”

“ಒಗೆದ್ರೆ ಹೋಗಲ್ಲ ತಾನೆ?”

“ಹೋದ್ರೆ ನನ್ನ ಹೆಸರು ಬದಲಾಯಿಸ್ರಿ! ಇರೋದು ಒಂದೇ ಪೀಸ್. ನೀವು ಆ ಕಡೆ ತಿರುಗೋದ್ರಾಗೆ ಇನ್ನೊಬ್ಬಳು ಎತ್ಕಂಡು ಹೋಗ್ತಾಳೆ!”

ಎರಡೇ ನಿಮಿಷ. ನೀಟಾಗಿ ಮಡಚಿ ಭುವನೇಶ್ವರಿ ಕೈಗಿಟ್ಟೆ. ಅವರು ಕೌಂಟರ್ ಕಡೆ ಹೋದ್ರು. ನಾನು ಹಣೆ ಬೆವರು ಒರೆಸ್ಕಂಡೆ. ಆಹಾ, ಎಂಥಾ ಸಮಾಧಾನ!

ಶಹರ್ಬಾನು ಹಸಿರು ಬ್ಲೌಸ್ ಹಿಡ್ಕಂಡು ಬಂದ್ಲು.

“ಸೀರೆ ಎಲ್ಲಿ?”

“ಮಾರಿದೆ!” ಅಂದೆ, ಹೆಮ್ಮೆಯಿಂದ.

ಆಮೇಲೆ ಅವಳ ಮುಖ ನೋಡಿದೆ. ಯಾ ಅಲ್ಲಾ!

ಕೌಂಟರಿಗೆ ಓಡಿದೆ. ಬಿಲ್ ಆಗಿತ್ತು. ಅಜ್ಜಿ ನನ್ನ ನೋಡಿ, ಪಕ್ಕದಾಗಿದ್ದ ಮ್ಯಾನೇಜರ್ ದಾನಿಶ್‌ಗೆ, “ಈ ತಮ್ಮನ ಸಂಬಳ ಜಾಸ್ತಿ ಮಾಡಪ್ಪಾ, ಭಾಳ ಚೆನ್ನಾಗಿ ತೋರ್ಸಿದ!” ಅಂದ್ಲು.

ದಾನಿಶ್ ನನ್ನ ಮೇಲಿಂದ ಕೆಳಗೆ ನೋಡಿದ. “ಯಾವ ಸೆಕ್ಷನ್ ನೀವು? ಐಡಿ ಕಾರ್ಡ್ ಯಾಕ ಹಾಕಿಲ್ಲ?”

ವಾಪಸ್ ಕೊಡ್ರಿ ಅಂತ ಕೇಳಾಣ ಅಂತಿದ್ದೆ. ಅಷ್ಟ್ರಾಗೆ ಭುವನೇಶ್ವರಿ ಸೀರೆನ ಕೆನ್ನೆಗೆ ಒತ್ಕಂಡು ನಕ್ಲು. ಥೇಟ್ ಅದೇ ನಗು! ಹಿಂದೆ ಬಂದ ಶಹರ್ಬಾನೂನೂ ಅದನ್ನ ನೋಡಿದ್ಲು. ಬ್ಲೌಸನ್ನ ಕೌಂಟರ್ ಮೇಲಿಟ್ಟು ಹೊರಗೆ ನಡೆದ್ಲು. ಹರಿಹರ ಬರೋ ತನಕ ಬಸ್ಸಿನ ಕಿಟಕಿಯಿಂದ ಮುಖ ಈ ಕಡೆ ತಿರುಗಿಸಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ನೋಡ್ತೀನಿ, ಅಂಗಡಿ ಮೆಟ್ಲು ಹತ್ತಿ ಬಂದು ಗಾದಿ ಮೇಲೆ ಕೂತ್ಲು ಶಹರ್ಬಾನು!

“ಸೀರೆ ತೋರ್ಸ್ರಿ. ಗೊಂಬೆ ಉಟ್ಟಿದ್ದು ಬ್ಯಾಡ.”

ಹೋದ ಜೀವ ಬಂದಂಗಾತು. ಚಹಾ ತರ್ಸಿದೆ. ಇಳಕಲ್ ಬಿಚ್ಚಿದೆ, ಮೊಳಕಾಲ್ಮೂರು ಬಿಚ್ಚಿದೆ. “ಆ ಮೇಲಿಂದು... ಅದರ ಪಕ್ಕದ್ದು... ಆ ತಳದಾಗಿಂದು” ಅಂತ ಬೆರಳು ತೋರ್ಸಿದಂಗೆಲ್ಲ ಎಳೆದೆ. ಕಪಾಟುಗಳೆಲ್ಲ ಖಾಲಿ! ಸೆರಗು ಹೆಗಲಿಗೆ ಹಾಕ್ಕಂಡು ನಡೆದೂ ತೋರ್ಸಿದೆ. ಅವಳು ಚಹಾ ಕುಡಿದು, ಬಾಯಿ ಒರೆಸ್ಕಂಡು ಎದ್ಲು.

“ಚೆನ್ನಾಗವೆ. ನೋಡ್ಕಂಡ್ ಬರ್ತೀವಿ.”

ಬರಿಗೈಲಿ ಮೆಟ್ಲು ಇಳಿದು ದಾವಣಗೆರೆ ಬಸ್ಸಿನ ಕಡೆ ನಡೆದೇಬಿಟ್ಲು. ಮೂವತ್ತು ವರ್ಷದಾಗೆ ಮೊದಲ್ನೇ ಗಿರಾಕಿ! ಸೀರೆ ರಾಶಿಯಾಗೆ ಸೊಂಟದ ತನಕ ಮುಳುಗಿದ್ದೆ ನಾನು. ಆಗಲಾದ್ರೂ ಈ ಬಾಯಿ ಸುಮ್ಮನಿರಬೇಕೋ ಬ್ಯಾಡವೋ? ಇಡೀ ಪೇಟೆ ತಿರುಗಿ ನೋಡೋ ಹಂಗೆ ಕೂಗಿತು:

“ವಾಪಸ್ ಬರ್ರಿ ಅಕ್ಕಾ, ಕೊನೇ ರೇಟು ಹೇಳ್ತೀನಿ!”