ನಿಜಗುಣಪ್ಪನ ನೌಕರನಾಮಾ

ಸಂಜೆ ಎರಡು ಪೆಗ್ ಕುಡಿಯುವುದಕ್ಕೆ ಬೇರೆ ಊರಿಗೆ ಬಸ್ಸು ಹತ್ತಿ ಹೋಗಬೇಕಾದ ಗಂಡಸಿನ ಸಂಕಟ ಆ ಶಿವನಿಗೇ ಪ್ರೀತಿ. ಮುನವಳ್ಳಿಯ ನಿಜಗುಣಪ್ಪ ಈ ಸಂಕಟವನ್ನು ಹನ್ನೆರಡು ವರ್ಷ ಅನುಭವಿಸಿದ್ದ. ಊರೊಳಗೆ ಕುಡಿದರೆ ಬೀಗರು ನೋಡುತ್ತಾರೆ. ಅದಕ್ಕೇ ಗೆಳೆಯ ಕಾಡಪ್ಪನನ್ನು ಜೊತೆಗೆ ಕಟ್ಟಿಕೊಂಡು ಸವದತ್ತಿಗೆ ಹೋಗುತ್ತಿದ್ದ. (ಅಲ್ಲಿಯೂ ಬೀಗರು ಸಿಗುತ್ತಿದ್ದರು. ಆದರೆ ಅವರೂ ಕುಡಿಯುವುದಕ್ಕೇ ಬಂದಿರುತ್ತಿದ್ದರಾದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.) ಮರಳಿ ಬಂದರೆ ಬಾಗಿಲಲ್ಲಿ ಹೆಂಡತಿ ತಂಗೆವ್ವ.

"ಅಲ್ಲೇ ನಿಂದರ್ರಿ. 'ಹಾ' ಅನ್ರಿ."

ಅಂದರೆ ಮುಗಿಯಿತು, ಊಟಕ್ಕಿಂತ ಮೊದಲು ಬೈಗುಳ ಬಡಿಸಿದಂತೆಯೇ.

ಹೀಗಿರುವಾಗ ಒಂದು ದಿನ ನಿಜಗುಣಪ್ಪನಿಗೆ ಜ್ಞಾನೋದಯವಾಯಿತು. ನವಿಲುತೀರ್ಥದ ದಾರಿಯಲ್ಲಿ ಅವನದೊಂದು ಲಾಡ್ಜ್ ಇತ್ತು. ಡ್ಯಾಮಿನ ಕೆಲಸಕ್ಕೆ ಬರುವ ಇಂಜಿನಿಯರುಗಳು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಅದರ ಕೆಳಗಿನ ಪಡಸಾಲೆಯನ್ನೇ ಬಾರ್ ಮಾಡಿಬಿಟ್ಟರೆ? ಬಾರಿಗೆ ಹೋಗುವವನನ್ನು ಜನ ಕುಡುಕ ಎನ್ನುತ್ತಾರೆ, ಬಾರ್ ಇಟ್ಟವನನ್ನು ಸಾಹುಕಾರ ಎನ್ನುತ್ತಾರೆ. ಗಲ್ಲಾದ ಮೇಲೆ ಗಾದಿ, ಗಾದಿಯ ಮೇಲೆ ತಾನು, ತಲೆಯ ಮೇಲೆ ಫ್ಯಾನು, ಕೈಯಲ್ಲಿ ಗ್ಲಾಸು. ಸ್ವರ್ಗಕ್ಕೆ ಬೇರೆ ಮೆಟ್ಟಿಲು ಯಾಕೆ ಬೇಕು?

ಆದರೆ ಲಾಡ್ಜ್ ನಿಂತಿದ್ದ ಜಾಗ ತಂಗೆವ್ವನದು. ಸಿರಸಂಗಿಯ ಅವಳ ಅಪ್ಪ ಮದುವೆಯಲ್ಲಿ ಮಗಳ ಹೆಸರಿಗೇ ಬರೆದುಕೊಟ್ಟಿದ್ದ. ಹೀಗಾಗಿ ಬಾರಿನ ಅರ್ಜಿಯೂ ಅವಳ ಹೆಸರಿನಲ್ಲೇ ಹೋಗಬೇಕಾಯಿತು. ನಿಜಗುಣಪ್ಪ ಅದಕ್ಕೇನೂ ತಲೆ ಕೆಡಿಸಿಕೊಳ್ಳಲಿಲ್ಲ. ತಂಗೆವ್ವ ಐದು ವರ್ಷ ಪಂಚಾಯಿತಿ ಮೆಂಬರ್ ಆಗಿದ್ದಾಗ ಕುರ್ಚಿಯಲ್ಲಿ ಕುಳಿತು ಆಡಳಿತ ನಡೆಸಿದವನು ಅವನೇ ಅಲ್ಲವೇ?

"ಇಲ್ಲೊಂದು ಸಹಿ ಹಾಕು," ಎಂದು ಕಾಗದದ ಗಂಟನ್ನು ಅವಳ ಮುಂದಿಟ್ಟ.

ರೊಟ್ಟಿ ಬಡಿಯುತ್ತಿದ್ದ ತಂಗೆವ್ವ ತಲೆ ಎತ್ತಲಿಲ್ಲ. "ಏನೈತಿ ಇದರಾಗ?"

"ಏನಿರತೈತಿ? ಬಾರಿನ ಕಾಗದ. ಸಹಿ ನಿಂದು, ಕಾರಭಾರ ನಂದು. ಪಂಚಾಯ್ತ್ಯಾಗ ನಡೀಲಿಲ್ಲೇನು, ಹಂಗ."

"ನಡೀತಲ್ಲ! ನಿಮ್ಮ ಕಾರಭಾರದಾಗ ಓಣಿಗಿ ಬಂದ ಹತ್ತು ದೀಪದಾಗ ಏಳು ನಮ್ಮ ಲಾಡ್ಜಿನ ಮುಂದ ನಿಂತುವು. ಬೆಳಕು ನಿಮಗ, ಓಣಿ ಹೆಣ್ಣಮಕ್ಕಳ ಕಡೆ ಬೈಸಿಕೊಂಡಾಕಿ ನಾನು. ಇನ್ನ ಓದಿಸಿ ಕೇಳದ ಸಹಿ ಹಾಕಾಕಿ ಅಲ್ಲ. ಉಮಾಶ್ರೀ, ಬಾರವಾ ಇಲ್ಲಿ!"

ಸೊಸೆ ಉಮಾಶ್ರೀ ಬಿ.ಎ. ಪಾಸಾದವಳು. ಮೂರು ಸಂಜೆ ಕುಳಿತು ಅಬಕಾರಿ ಕಾಯಿದೆಯ ಶರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದಳು. ತಂಗೆವ್ವ ಸಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ. ಆದರೆ ಕಿವಿಯೊಳಗೆ ಹೋದದ್ದು ಹೊರಗೆ ಬಂದ ದಾಖಲೆ ಇಲ್ಲ. ಎಲ್ಲಾ ಕೇಳಿ ಸಹಿ ಹಾಕಿ, "ಮಾಡೂದಾದ್ರ ಕಾಯ್ದೆ ಪ್ರಕಾರ ಮಾಡ್ರಿ. ಇಷ್ಟಽ ನಂದು," ಎಂದಳು.

"ಆತು ಮಹಾತಾಯಿ," ಎಂದ ನಿಜಗುಣಪ್ಪ. (ಹೆಂಡತಿಯ ಮಾತನ್ನು ಅವನು ಪೂರ್ತಿ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಆಮೇಲೆ ಆರು ತಿಂಗಳು ಕಚೇರಿಯಿಂದ ಕಚೇರಿಗೆ ಪಾದಯಾತ್ರೆ. ಪಂಚಾಯಿತಿಯದೊಂದು ಕಾಗದ, ಪೊಲೀಸರದೊಂದು, ಬೆಂಕಿ ಆರಿಸುವವರದೊಂದು. ಸಾಲೆಯಿಂದ, ಗುಡಿಯಿಂದ ಬಾರು ಎಷ್ಟು ದೂರ ಎಂದು ಟೇಪು ಹಿಡಿದು ಅಳೆದಾಗ ನಿಜಗುಣಪ್ಪ ಉಸಿರು ಬಿಗಿಹಿಡಿದು ನಿಂತಿದ್ದ, ಉಸಿರು ಬಿಟ್ಟರೆ ಎಲ್ಲಿ ಟೇಪು ಸರಿದೀತೋ ಎಂದು. ಕೊನೆಗೂ ಲೈಸನ್ಸ್ ಬಂತು. ಅದಕ್ಕೆ ಗಾಜು ಹಾಕಿಸಿ, ಹಾರ ಹಾಕಿ, ಗೋಡೆಗೆ ತೂಗುಬಿಟ್ಟದ್ದಾಯಿತು.

ಪ್ರಾರಂಭೋತ್ಸವದ ದಿನ ನಿಜಗುಣಪ್ಪ ಜರಿ ರುಮಾಲು ಸುತ್ತಿ ಗಲ್ಲಾದ ಮೇಲೆ ವಿರಾಜಮಾನನಾದ. ಪಕ್ಕದಲ್ಲಿ ಕಾಡಪ್ಪ. ಇಬ್ಬರ ಗ್ಲಾಸೂ ತುಂಬಿದ್ದವು. ನಿಜಗುಣಪ್ಪ ಎತ್ತಿ ತುಟಿಯ ಹತ್ತಿರ ತಂದಿದ್ದ, ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಅಬಕಾರಿ ಸಾಹೇಬರು ಒಳಗೆ ಬಂದರು.

"ಮಾಲಕರು ಯಾರು?"

"ನಾನಽ ರೀ ಸಾಹೇಬರ. ಬರ್ರಿ, ಕುಂದರ್ರಿ."

ಸಾಹೇಬರು ಗೋಡೆಯ ಕಡೆ ನೋಡಿದರು. "ತಂಗೆವ್ವ ಅಂದ್ರ ನೀವಽ ಏನು?"

ಕಾಡಪ್ಪನ ಮೂಗಿನಿಂದ ಸೋಡಾ ಬಂತು.

"ಅಕಿ ನನ್ನ ಹೇಣ್ತಿರಿ. ನಾ ಗಂಡ."

"ಗಂಡ ಅನ್ನೂ ಹುದ್ದೆ ಇದರಾಗ ಇಲ್ಲರಿ ಯಜಮಾನರ. ಒಂದು ಲೈಸನ್ಸದಾರರು ಇರಬೇಕು, ಇಲ್ಲಾ ಅವರು ನೇಮಿಸಿದ ನೌಕರ ಇರಬೇಕು. ನೌಕರ ಆದ್ರ ನೌಕರನಾಮಾ, ಅಂದ್ರ ನಮ್ಮ ಕಚೇರಿ ಮಂಜೂರ ಮಾಡಿದ ನೇಮಕದ ಕಾಗದ ಇರಬೇಕು. ಎಲ್ಲೈತಿ ತೋರಸ್ರಿ."

ಲಾಡ್ಜಿನ ಅಡುಗೆಮನೆಯಿಂದ ತಂಗೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನಾ ಬಡಕೊಂಡೆ ಸಾಹೇಬರ. ಕಾಗದದಾಗ ಹೆಸರಿಲ್ಲದವರು ಗಲ್ಲಾದ ಮ್ಯಾಲ ಕೂಡಬಾರದು ಅಂತ. ಕೇಳಿದ್ರ ಹೌದಲ್ಲ?"

"ಇವತ್ತ ಬಿಡತೇನಿ ಅವ್ವಾರ. ನಾಳೆ ಸಂಜಿ ಒಳಗ ಮಾಡಸ್ರಿ. ಇಲ್ಲಾಂದ್ರ ಲೈಸನ್ಸಿಗೇ ಸಂಚಕಾರ."

ಆರು ತಿಂಗಳ ಪಾದಯಾತ್ರೆ ನೀರಲ್ಲಿ ಹೋಮವಾಗಬಾರದಲ್ಲ! ಮರುದಿನ ನಿಜಗುಣಪ್ಪ ಫೋಟೋ ತೆಗೆಸಿಕೊಂಡು ಬಂದ. ಉಮಾಶ್ರೀ ಅರ್ಜಿ ತುಂಬತೊಡಗಿದಳು.

"ಮಾವಾರ, ಕೆಲಸ ಏನಂತ ಬರೀಲಿ?"

"ಮ್ಯಾನೇಜರ್ ಅಂತ ಬರಿ."

"ಮೊದಲ ಕೆಲಸ ನೋಡೂಣು," ಎಂದಳು ತಂಗೆವ್ವ. "ಸದ್ಯಕ್ಕ ಸಪ್ಲಾಯರ್ ಅಂತ ಬರಿಯವಾ."

ಮೂವತ್ತನಾಲ್ಕು ವರ್ಷ ಗಂಡನಾಗಿ ಮೆರೆದ ನಿಜಗುಣಪ್ಪ ಸರಕಾರದ ಸಿಕ್ಕೆಯ ಕೆಳಗೆ ಹೆಂಡತಿಯ ನೌಕರನಾದ. (ಮೊದಲೂ ಅದೇ ಆಗಿದ್ದ ಎಂದು ಓಣಿಯವರು ಆಡಿಕೊಂಡರು. ಆದರೆ ಆಗ ಬರವಣಿಗೆಯಲ್ಲಿ ಇರಲಿಲ್ಲ.)

ಹೋಗಲಿ, ಮಾನ ಹೋದರೂ ಪೆಗ್ ಉಳಿದೀತು ಎಂದುಕೊಂಡಿದ್ದ. ಆ ಸಂಜೆ ಏಳಕ್ಕೆ ಗಲ್ಲಾದ ಮೇಲಿದ್ದ ತಂಗೆವ್ವನನ್ನು ಮೆಲ್ಲಗೆ ಕೇಳಿದ.

"ಒಂದು ಹಾಕ್ಕೊಳ್ಳಲೇನು?"

"ಡ್ಯೂಟಿ ಮ್ಯಾಲ ಇದ್ದಾವರು ಕುಡೀಬಾರದು."

"ಡ್ಯೂಟಿ ಎಷ್ಟಕ್ಕ ಮುಗೀತೈತಿ?"

"ಬಾರ್ ಮುಚ್ಚಿದ ಮ್ಯಾಲ."

"ಹಂಗಾರ ಮುಚ್ಚಿದ ಮ್ಯಾಲ ಕುಡೀತೇನಿ."

"ಮುಚ್ಚಿದ ಮ್ಯಾಲ ಒಂದು ಹನಿ ಯಾರಿಗೂ ಕೊಡೂಹಂಗಿಲ್ಲ. ಬೇಕಾದ್ರ ಉಮಾನ ಕಡೆ ಓದಸ್ರಿ."

"ಅರೆ ಇಕಿನ! ಬಾಟ್ಲಿ ಮನಿಗಿ ಒಯ್ದು ಕುಡೀತೇನಿ ಬಿಡು."

"ಲೈಸನ್ಸಿನ ನಕಾಶೆದಾಗ ಈ ಪಡಸಾಲಿ ಅಷ್ಟಽ ಐತ್ರಿ, ಮನಿ ಇಲ್ಲ. ಗ್ಲಾಸು ಹೊಸ್ತಿಲಾ ದಾಟಿದ್ರ ಕೇಸು."

ಸವದತ್ತಿಯ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಅವನ ಡ್ಯೂಟಿ ಬಿರುಸಾಗಿರುತ್ತಿತ್ತು. ಆ ದಾರಿಯೂ ಕಟ್ಟಿತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅವನು ಊರಿಗೆಲ್ಲ ಹಾಕಿಕೊಟ್ಟ. ಡ್ಯಾಮಿನ ದಂಡೆಯ ಮೇಲೆ ಬಾಯಿ ಒಣಗಿಸಿಕೊಂಡು ನಿಂತ ಹಾಗಾಯಿತು ಅವನ ಬಾಳು. ಎಲ್ಲಕ್ಕಿಂತ ಉರಿ ಎಂದರೆ ಫ್ಯಾನಿನ ಕೆಳಗೆ ಕುಳಿತ ಕಾಡಪ್ಪ.

"ಏ ನಿಜಗುಣಿ, ಐಸ್ ತಾರಲೇ. ಒಂದೀಟು ಶೇಂಗಾನೂ ತಾ."

ಎರಡು ತಿಂಗಳು ತಡೆದುಕೊಂಡ. ಮೂರನೆಯ ತಿಂಗಳಿಗೆ ಕಾಲಿಡುವಾಗ ಉಮಾಶ್ರೀಯ ಕೈಯಿಂದ ಒಂದು ಅರ್ಜಿ ಬರೆಸಿದ: 'ಮಾನ್ಯ ಮಾಲಕಿಯವರ ಸನ್ನಿಧಾನಕ್ಕೆ, ತಮ್ಮ ವಿಧೇಯ ನೌಕರ ನಿಜಗುಣಪ್ಪ ಮಾಡಿಕೊಳ್ಳುವ ವಿನಂತಿ. ಒಂದು ದಿವಸದ ರಜೆ ದಯಪಾಲಿಸಬೇಕು.'

ತಂಗೆವ್ವ ಓದಿಸಿ ಕೇಳಿದಳು. ಅವಳ ಮುಖದಲ್ಲಿ ಮರುಕ ಮೂಡಿತು. "ಪಾಪ, ಭಾಳ ದುಡದೀರಿ. ಶುಕ್ರವಾರ ಪೂರಾ ದಿವಸ ರಜಾ ತಗೋರಿ. ಅವತ್ತ ನೀವು ನೌಕರ ಅಲ್ಲ."

"ಅಂದ್ರ ಗಿರಾಕಿ?"

"ಗಿರಾಕಿ."

ನಿಜಗುಣಪ್ಪನ ಕಣ್ಣು ತುಂಬಿದವು. "ಬಂಗಾರದಂಥಾ ಹೇಣ್ತಿ," ಎಂದು ಕಾಡಪ್ಪನ ಮುಂದೆ ಹೊಗಳಿದ್ದೇ ಹೊಗಳಿದ್ದು. "ಶುಕ್ರವಾರ ಬಾ. ನಾ ಕುರ್ಚಿ ಮ್ಯಾಲ ಕುಂತಿರತೇನಿ. ಐಸ್ ನೀ ತರಬೇಕು."

ಶುಕ್ರವಾರ ಅಭ್ಯಂಗಸ್ನಾನ ಮಾಡಿ, ಇಸ್ತ್ರಿಯ ಧೋತರ ಉಟ್ಟು, ಕಿವಿಗೆ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು, ಮದುಮಗನಂತೆ ಬಾರಿಗೆ ನಡೆದ. ಕಾಡಪ್ಪ ಮೊದಲೇ ಬಂದು ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದ. ಶಟರಿಗೆ ಕೀಲಿ. ಕೀಲಿಯ ಮೇಲೊಂದು ಚೀಟಿ.

"ಏನ್ ಬರದಾರೋ ಅದರಾಗ?"

"ಇವತ್ತ ಅಕ್ಟೋಬರ್ ಎರಡು," ಎಂದ ಕಾಡಪ್ಪ ಸಾವಿನ ಸುದ್ದಿ ಹೇಳುವವರ ದನಿಯಲ್ಲಿ. "ಗಾಂಧೀ ಜಯಂತಿ. ಮಾರಾಟ ಬಂದ್."

"ಸವದತ್ತಿಗಿ ನಡಿ ಹಂಗಾರ!"

"ದೇಶಕ್ಕಽ ಒಬ್ಬ ಗಾಂಧಿ ಮಾರಾಯಾ. ಎಲ್ಲಾ ಕಡೆ ಬಂದ್."

ಅಷ್ಟರಲ್ಲಿ ತಂಗೆವ್ವ ಸೊಸೆಯ ಜೊತೆ ಕಾಯಿಪಲ್ಯೆಯ ಚೀಲ ಹಿಡಿದು ಸಂತೆಯಿಂದ ಬಂದಳು.

"ಏನ್ರಿ, ಹೆಂಗ ನಡದೈತಿ ರಜಾ?"

ನಿಜಗುಣಪ್ಪನ ಮೀಸೆ ನಡುಗಿತು. "ಗೊತ್ತಿದ್ದಽ ಕೊಟ್ಟಿ ಹೌದಿಲ್ಲೋ?"

"ಇವತ್ತ ಎಲ್ಲಾ ನೌಕರರಿಗೂ ರಜಾನಽ ಇತ್ತರಿ. ಅರ್ಜಿ ಬರದು ಕೇಳಿದಾವರು ನೀವೊಬ್ರಽ," ಎಂದಳು ತಂಗೆವ್ವ, ಚೀಲವನ್ನು ಅವನ ಕೈಗೆ ದಾಟಿಸುತ್ತ. "ಉಮಾಶ್ರೀ, ಮಾವಾರದೊಂದು ರಜಾ ಮುಗೀತು ಅಂತ ಬರಕೋರವಾ."