ಮೇಲಿನ ಸ್ವರಕ್ಕೆ ತೆತ್ತ ಮೀಸೆ

ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ಲೋಕದಲ್ಲಿ ಮರ್ಯಾದಸ್ಥರೆಲ್ಲ ತುಟಿ ಬಿಗಿದು ಬದುಕುತ್ತಾರೆ, ನಾವು ಊರೆದುರು ತುಟಿ ಅದುರಿಸಿ ಹೊಟ್ಟೆ ಹೊರೆಯುವವರು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ನಾನು ಮಂಡಿ ಮೊಹಲ್ಲಾದ ಒಂದು ಬ್ಯಾಂಡಿನಲ್ಲಿದ್ದೆ. ಸೌದೆ ಮಂಡಿ ಸಾಹುಕಾರರ ಮಗನ ಮದುವೆ ಮೆರವಣಿಗೆ ನಮಗೆ ಸಿಕ್ಕಿತ್ತು. ಅಲ್ಲಿ ನುಡಿಸಬೇಕಾದ ಹಾಡಿನ ಕೊನೆಯಲ್ಲಿ ಉಳಿದ ವಾದ್ಯಗಳು ನಿಂತು, ಟ್ರಂಪೆಟ್ ಮಾತ್ರ ಮೇಲಿನ ಸ್ವರಕ್ಕೆ ಹತ್ತಿ ನಿಲ್ಲಬೇಕು. ನಾನು ಹತ್ತಿದಾಗಲೆಲ್ಲ ಅರ್ಧದಲ್ಲೇ ಜಾರುತ್ತಿದ್ದೆ. ಬ್ಯಾಂಡ್ ಮೇಷ್ಟ್ರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಮದ್ವೆ ದಿನ ಆ ಸ್ವರ ಬರದೇ ಇದ್ರೆ ಟ್ರಂಪೆಟ್ ಕೆಳಗಿಟ್ಟು ದೊಡ್ಡ ಡ್ರಮ್ ಹೊತ್ಕೋ."

ತೊಲೆಗೆ ಕಟ್ಟಿದ ಟ್ರಂಪೆಟ್

ನನ್ನ ಕಾಯಿಲೆ ಏನೆಂದರೆ, ಸ್ವರ ಮೇಲೇರಿದಷ್ಟೂ ಟ್ರಂಪೆಟ್ಟನ್ನು ಬಾಯಿಗೆ ಒತ್ತಿ ಹಿಡಿಯುವುದು. "ಒತ್ತಿದ್ರೆ ತುಟಿ ಸಾಯ್ತದೆ ಕಣೋ. ತುಟಿ ಅಂಚು ಬಿಗಿ ಇರ್ಲಿ, ನಡುಭಾಗ ಅದುರ್ಲಿ," ಎಂದು ಮೇಷ್ಟ್ರು ಎಷ್ಟು ಬಡಕೊಂಡರೂ ಕೈ ಕೇಳುತ್ತಿರಲಿಲ್ಲ. ಕೊನೆಗೆ ಅವರು ಟ್ರಂಪೆಟ್ಟನ್ನು ಹುರಿಯಲ್ಲಿ ತೊಲೆಗೆ ತೂಗುಹಾಕಿ, ನನ್ನ ಕೈಗಳನ್ನು ಬೆನ್ನ ಹಿಂದೆ ಟವೆಲ್ಲಿನಿಂದ ಕಟ್ಟಿ, "ಈಗ ಒತ್ತು ನೋಡೋಣ," ಎಂದರು.

ತುಟಿ ತಾಗಿಸಿದರೆ ಅದು ಹಿಂದಕ್ಕೆ ತೂಗುತ್ತಿತ್ತು. ನಾನು ಮುಂದೆ ಹೋದರೆ ಅದು ತಿರುಗಿ ಬಂದು ಮೂಗಿಗೆ ಬಡಿಯುತ್ತಿತ್ತು. ಕೆಚ್ಚಲು ಹುಡುಕುವ ಕರುವಿನಂತೆ ಬಾಯಿ ಚಾಚಿಕೊಂಡು ಸುತ್ತುತ್ತಿದ್ದಾಗ ನಮ್ಮ ಡ್ರಮ್ಮಿನವನು ಒಳಗೆ ಬಂದ. ಬಾಗಿಲಲ್ಲೇ ನಿಂತು ನೋಡಿ, ಬಹಳ ಮರುಕದಿಂದ ಕೇಳಿದ:

"ಗುರುವೇ, ಹಾಲು ಇಳೀತಾ?"

ಸಂಡಿಗೆ ಕಾಲ

ಮನೆಪಾಠ ಬೇರೆ ಇತ್ತು. ಟ್ರಂಪೆಟ್ ಇಲ್ಲದೆ ಬರಿಯ ತುಟಿಯನ್ನೇ 'ಬುರ್ರ್' ಎನ್ನಿಸುತ್ತಾ ಸ್ವರ ಏರಿಸಬೇಕು. ಮಹಡಿಯ ಮೇಲೆ ನಿಂತು ಶುರು ಮಾಡಿದೆ. ಬೇಸಿಗೆ, ವಠಾರದ ಹೆಂಗಸರೆಲ್ಲ ಚಾಪೆ ಹಾಸಿ ಸಂಡಿಗೆ ಒಣಗಿಸಿದ್ದರು. ಕೈಗೂಸು 'ಬುರ್ರ್' ಎಂದು ಉಗುಳು ಊದಿದರೆ ಮಳೆ ಬರುತ್ತದೆಂಬುದು ನಮ್ಮಲ್ಲಿ ಯಾರಿಗೆ ತಾನೇ ಗೊತ್ತಿಲ್ಲ? ಪಕ್ಕದ ಮನೆಯ ಅಜ್ಜಿ ಎದೆ ಬಡಿದುಕೊಂಡರು.

"ಕೂಸು ಬುರ್ ಅಂದ್ರೆ ತುಂತುರು ಮಳೆ ಬತ್ತದೆ. ಈ ಕೋಣ ಬುರ್ ಅಂದ್ರೆ ಕಾವೇರಮ್ಮನೇ ಬತ್ತಾಳೆ! ಎತ್ರವ್ವಾ ಸಂಡಿಗೇನ!"

ನಾನು ನಕ್ಕೆ. ಮಧ್ಯಾಹ್ನ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಕವಿದು ಧೋ ಎಂದು ಸುರಿಯಿತು. ಸಂಜೆಯೊಳಗೆ ಮಹಡಿಗೆ ಬೀಗ ಬಿತ್ತು.

ಅದಾದ ಮೇಲೆ ಒಂದು ದಿನ ನಲ್ಲಿಯಲ್ಲಿ ನೀರು ನಿಂತುಹೋಯಿತು. ಬಾಗಿಲು ತಟ್ಟಿದ ಸದ್ದಾಯಿತು. ಅದೇ ಅಜ್ಜಿ, ಕಂಕುಳಲ್ಲಿ ಕೊಡ, ಕೈಯಲ್ಲಿ ಮಹಡಿಯ ಬೀಗದ ಕೈ.

"ಒಂದೇ ಒಂದು ಸಲ ಬುರ್ ಅಂದ್ಬುಡಪ್ಪ. ಎರಡು ಕೊಡದಷ್ಟು ಸಾಕು."

ಹಾರ ತಂದವರು

ಇಷ್ಟಾದರೂ ಸ್ವರ ಹತ್ತಲಿಲ್ಲ. ಮೇಷ್ಟ್ರು ನನ್ನ ಮೇಲ್ದುಟಿಯನ್ನು ದಿಟ್ಟಿಸಿ, "ಮೀಸೆ ಅಡ್ಡ ಬರ್ತಿದೆ. ಕೂದಲ ಸಂದೀಲಿ ಗಾಳಿ ಸೋರ್ತದೆ. ತೆಗಿ," ಎಂದರು. ಬಲು ಅಕ್ಕರೆಯಿಂದ ಬೆಳೆಸಿದ ಮೀಸೆ. ಕಣ್ಣು ಮುಚ್ಚಿಕೊಂಡು ಬೋಳಿಸಿಕೊಂಡೆ, ತಲೆಗೆ ಬ್ಯಾಂಡಿನ ಟೋಪಿ ಹಾಕಿಕೊಂಡು ಬೀದಿಗೆ ಬಂದೆ.

ನಮ್ಮ ಜನದಲ್ಲಿ ಮಗ ತಲೆ, ಮೀಸೆ ಬೋಳಿಸಿಕೊಳ್ಳುವುದು ಅಪ್ಪ ಸತ್ತಾಗ. ಟೋಪಿಯೊಳಗೆ ಕೂದಲಿದೆಯೋ ಇಲ್ಲವೋ ಎಂದು ಯಾರು ಇಣುಕುತ್ತಾರೆ? ಬೀದಿಯ ತುದಿ ಮುಟ್ಟುವಷ್ಟರಲ್ಲಿ ನಾನು ತಬ್ಬಲಿಯಾಗಿದ್ದೆ.

ಅಪ್ಪ ಬೆಲ್ಲದ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಅಂದು ಸೊಂಟನೋವೆಂದು ಮನೆಯಲ್ಲಿ ಮಲಗಿದ್ದರು. ಮಂಡಿಯವರೆಲ್ಲ ಹಾರ ಹಿಡಿದು ಬಂದು ಬಾಗಿಲು ತಟ್ಟಿದಾಗ ಅಪ್ಪನೇ ಎದ್ದು ತೆಗೆದರು.

"ಯಾರ್ ಹೋದ್ರು?"

"ನೀವೇ, ಗೌಡ್ರೇ," ಎಂದ ಮುಂದೆ ನಿಂತಿದ್ದವನು, ನಾಲಿಗೆ ತಡೆಯದೆ. ಆಮೇಲೆ ಹಾರವನ್ನು ನೋಡಿಕೊಂಡು, "ಬೇಜಾರ್ ಮಾಡ್ಕೋಬೇಡಿ. ಎಲ್ರೂ ಅಂಗಡಿ ಮುಚ್ಚಿ ಬಂದ್ಬುಟ್ಟಿದೀವಿ," ಎಂದ.

ಅಪ್ಪ ಅವನನ್ನು ಕೆಳಗಿಂದ ಮೇಲೆ ನೋಡಿದರು. "ಅದಕ್ಕೇ? ನಾನೀಗ ಸಾಯ್ಲಾ?"

ಆ ಸ್ವರ

ಮದುವೆ ದಿನ ಸಂಜೆ ಮೆರವಣಿಗೆ ಹೊರಡುವ ಹೊತ್ತಿಗೆ ಹೆಣ್ಣಿನ ಕಡೆಯ ಯಜಮಾನರೊಬ್ಬರು ನನ್ನ ಬೋಳು ತುಟಿ ಕಂಡು ಕಿರುಚಿದರು. "ಸೂತಕದೋನು ಮದ್ವೇಲಿ ಊದೋದಾ? ಆಚೆ ಕಳಿಸ್ರೀ!"

ಟೋಪಿ ತೆಗೆದು ತಲೆಗೂದಲು ತೋರಿಸಿದೆ. "ಈಗಿನ ಹುಡುಗ್ರು ಅಪ್ಪ ಸತ್ರೂ ತಲೆ ಉಳಿಸ್ಕೊಂಡು ಮೀಸೆ ಮಾತ್ರ ತೆಗೀತಾರೆ, ನಂಗೊತ್ತಿಲ್ವಾ?" ಎಂದರು. ಡ್ರಮ್ಮಿನವನು ಆಗಲೇ ಡ್ರಮ್ ಬಿಚ್ಚಿ ನನ್ನ ಕಡೆ ಚಾಚುತ್ತಿದ್ದ. ನನಗೆ ಅಳುವೇ ಬಂದುಬಿಟ್ಟಿತು.

ಓಡಿಹೋಗಿ ಅಪ್ಪನನ್ನೇ ಕರೆತಂದೆ. ಯಜಮಾನರು ನಾಚಿ, ತಪ್ಪಾಯಿತೆಂದು ಅಪ್ಪನಿಗೆ ಗುಲಾಬಿ ಹಾರ ಹಾಕಿ, ಹಣೆಗೆ ಕುಂಕುಮ ಇಟ್ಟರು. ಸೊಂಟನೋವಿನ ಮನುಷ್ಯ ನಡೆಯಬಾರದೆಂದು ತೆರೆದ ಕಾರಿನ ಮುಂದಿನ ಸೀಟಿನಲ್ಲಿ, ಮದುಮಕ್ಕಳ ಮುಂದೆ ಕೂರಿಸಿದರು. ಅಪ್ಪ ಸೊಂಟ ಬಗ್ಗಿಸಲಾಗದೆ ಸೆಟೆದು ಕೂತರು. ಮೆರವಣಿಗೆ ನಮ್ಮ ಬೀದಿಯ ಮೇಲೆಯೇ ಹೊರಟಿತು.

ಅಪ್ಪ ಹೋದರೆಂಬ ಸುದ್ದಿ ನಮ್ಮ ಹಳ್ಳಿಗೂ ಮುಟ್ಟಿತ್ತೆಂಬುದು ನಮಗೆ ಗೊತ್ತಿರಲಿಲ್ಲ. ಅಪ್ಪನ ತಂಗಿ, ನನ್ನ ಸೋದರತ್ತೆ, ಬಸ್ಸಿಳಿದು ಅಳುತ್ತಾ ನಮ್ಮ ಬೀದಿಗೆ ತಿರುಗಿದರು. ಎದುರಿಗೆ ಬ್ಯಾಂಡು, ಗ್ಯಾಸ್ ಲೈಟು. ಹಾರ ಹಾಕಿಕೊಂಡು ಕೂತ ಅಣ್ಣ. ನಮ್ಮ ಕಡೆ ಹೆಣವನ್ನೂ ಹೀಗೇ ಕೂರಿಸಿ, ವಾದ್ಯ ಹಾಕಿಸಿಯೇ ಒಯ್ಯುವುದು. "ನನ್ನ ಬುಟ್ಟೋದ್ಯಲ್ಲಣ್ಣಾ!" ಎಂದು ಅತ್ತೆ ಕಾರಿನ ಮೇಲೆ ಬಿದ್ದರು.

ಹಾಡು ಕೊನೆ ಮುಟ್ಟಿತ್ತು. ಉಳಿದ ವಾದ್ಯಗಳು ನಿಂತವು. ನಾನು ತುಟಿಯ ಅಂಚು ಬಿಗಿದು, ಒತ್ತದೆ, ಊದಿದೆ. 'ಪುಸ್' ಎಂದಿತು.

ಅದೇ ಕ್ಷಣ ಅಪ್ಪ ಹಾರದ ಮೇಲಿಂದ ಕತ್ತು ತಿರುಗಿಸಿ, "ಯಾವಾಗ್ ಬಂದ್ಯೇ?" ಎಂದರು.

ಅತ್ತೆ ಕೂಗಿದರು ನೋಡಿ! ಚೂರೂ ಅಲುಗದ, ಚೂರೂ ಜಾರದ ಅದೇ ಮೇಲಿನ ಸ್ವರ. ಟ್ರಂಪೆಟ್ ಇನ್ನೂ ನನ್ನ ಬಾಯಲ್ಲಿತ್ತು. ಜನ ಚಪ್ಪಾಳೆ ತಟ್ಟಿದರು. ಸಾಹುಕಾರರು ಬಂದು ನನ್ನ ಬೆನ್ನು ಚಪ್ಪರಿಸಿದರು.

ಮೇಷ್ಟ್ರು ಮಾತ್ರ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದರು: "ಟ್ರಂಪೆಟ್ ನೀನೇ ಇಟ್ಕೋ. ಮುಂದಿನ ಮದ್ವೆಗೂ ನಿಮ್ಮತ್ತೇನ ಕರ್ಕೊಂಡ್ ಬಂದ್ಬುಡು. ನಿಮ್ಮಪ್ಪನ್ನೂ."